ದೊರೆಗಳಿಗೆ ದರ್ಜಿಯ ಕೆಲಸವೇಕೆ? ಜರ್ಮನಿಯ ಉಡುಪು, ಜರ್ಮನಿಯ ರಾಜಕೀಯ

(ತಿಂಗಳ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳನ್ನು ತುಸು ಒಪ್ಪಗೊಳಿಸಿ ಬರೆದದ್ದು. ಪರದೆಯ ಮೇಲೆ ಚಿತ್ರ ತೋರಿಸಿದ ಕಡೆಗಳಲ್ಲಿ ಆ ಚಿತ್ರವನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1817ರ ಅಕ್ಟೋಬರ್ 18. ಐಸೆನಾಖ್ ಊರಿನ ಮೇಲಿರುವ ವಾರ್ಟ್‌ಬುರ್ಗ್ ಕೋಟೆಗೆ ಸುಮಾರು 500 ವಿದ್ಯಾರ್ಥಿಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಬಂದು ಸೇರಿದ್ದಾರೆ. ನೆಪೋಲಿಯನ್ ಸೋತಿದ್ದಾನೆ. ಆದರೆ ಅವರು ಬಯಸಿದ್ದ ಒಗ್ಗೂಡಿದ ಜರ್ಮನಿ ಮಾತ್ರ ಹುಟ್ಟಲಿಲ್ಲ, ಹಳೆಯ ದೊರೆಗಳೇ ತಮ್ಮ ತಮ್ಮ ಗದ್ದುಗೆಗೆ ಮರಳಿದ್ದಾರೆ. ಸಂಜೆ ಬೆಂಕಿ ಹೊತ್ತಿಸಿ, ತಮಗೆ ಆಗದ ಪುಸ್ತಕಗಳ ಹೆಸರು ಬರೆದ ರದ್ದಿ ಕಾಗದದ ಕಟ್ಟುಗಳನ್ನು ಅದಕ್ಕೆ ಎಸೆದರು. ಇಷ್ಟನ್ನು ಇತಿಹಾಸದ ಪಠ್ಯಗಳು ಹೇಳುತ್ತವೆ. ಅದೇ ಬೆಂಕಿಗೆ ಬಿದ್ದ ಇನ್ನೂ ಮೂರು ವಸ್ತುಗಳ ಬಗ್ಗೆ ನನಗೆ ಹೆಚ್ಚು ಆಸಕ್ತಿ. ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಅಶ್ವದಳದವನೊಬ್ಬ ಸೊಂಟ ಸಣ್ಣಗೆ ಕಾಣಲೆಂದು ತೊಡುತ್ತಿದ್ದ ಕಾರ್ಸೆಟ್, ಹೆಸ್ಸೆ ಸಿಪಾಯಿಯ ಕೃತಕ ಜಡೆ, ಆಸ್ಟ್ರಿಯಾದ ಹವಾಲ್ದಾರನ ಬೆತ್ತ.

ಹೌದು, ಗಂಡಸರ ಕಾರ್ಸೆಟ್, ಗಂಡಸರ ಜಡೆ. ಹೆಸ್ಸೆ-ಕಾಸೆಲ್‌ನ ದೊರೆ ದೇಶಭ್ರಷ್ಟನಾಗಿದ್ದವನು 1813ರಲ್ಲಿ ಮರಳಿ ಬಂದ. ನಡುವಿನ ವರ್ಷಗಳು ನಡೆದೇ ಇಲ್ಲ ಎಂಬಂತೆ, ಫ್ಯಾಷನ್ನಿನಿಂದ ಎಂದೋ ಹೋಗಿದ್ದ ಜಡೆಯನ್ನು ತನ್ನ ಸೈನ್ಯದ ಬೆನ್ನಿಗೆ ಮತ್ತೆ ನೇತುಹಾಕಿದ. ಆ ಜಡೆಯನ್ನು ಸುಟ್ಟ ಹುಡುಗರು ಸುಟ್ಟದ್ದು ಒಂದು ಆಳ್ವಿಕೆಯನ್ನು.

ನಮ್ಮಲ್ಲಿ ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತಾರೆ. ಜರ್ಮನಿಯ ಮಟ್ಟಿಗೆ ಆ ‘ಪರರು’ ಬಹಳ ಸಲ ದೊರೆ, ಪೊಲೀಸ್ ಅಥವಾ ಪಕ್ಷವಾಗಿದ್ದರು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಆಳುವವರು ಬಟ್ಟೆಗೆ ಕೈಹಾಕಿದಾಗಲೆಲ್ಲ, ಯಾರು ಯಾರೆಂದು ದೂರದಿಂದಲೇ ಗುರುತು ಸಿಗಬೇಕು ಎಂಬ ಆಸೆ ಅವರ ಮನಸ್ಸಿನಲ್ಲಿತ್ತು. ‘ಅಪ್ಪಟ ಜರ್ಮನ್ ಉಡುಪು’ ಎಂಬುದರ ಹುಡುಕಾಟವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಉಡುಪು ಸಿಕ್ಕಿತೋ ಇಲ್ಲವೋ, ಅದನ್ನು ಉಡಬಾರದವರ ಪಟ್ಟಿ ಮಾತ್ರ ತಪ್ಪದೆ ಸಿದ್ಧವಾಗುತ್ತಿತ್ತು.

ಇದಕ್ಕೆ ಹಳೆಯ ಬೇರುಗಳಿವೆ. 1530ರಲ್ಲಿ ಔಗ್ಸ್‌ಬುರ್ಗ್‌ನ ಸಾಮ್ರಾಜ್ಯ ಸಭೆ ಹೊರಡಿಸಿದ ಕಟ್ಟಳೆಯ ಪ್ರಕಾರ ಪ್ರತಿಯೊಬ್ಬರೂ ತಮ್ಮ ಅಂತಸ್ತಿಗೆ ತಕ್ಕಂತೆ ಉಡಬೇಕು, ರೈತನಿಗೂ ವರ್ತಕನಿಗೂ ಸರದಾರನಿಗೂ ನಡುವಿನ ವ್ಯತ್ಯಾಸ ಬಟ್ಟೆಯಲ್ಲೇ ತಿಳಿಯಬೇಕು. ತಮಾಷೆಯೆಂದರೆ ಅದೇ ಊರಿನಲ್ಲಿ, ಅದೇ ವರ್ಷ, ಫುಗ್ಗರ್ ಎಂಬ ಸಾಹುಕಾರ ವರ್ತಕ ಮನೆತನದ ಲೆಕ್ಕಿಗ ಮಥೆಯಸ್ ಶ್ವಾರ್ಟ್ಸ್ ಎಂಬಾತ ಚಕ್ರವರ್ತಿಯ ಕಡೆಯವರ ಕಣ್ಣಿಗೆ ಬೀಳಲೆಂದೇ ಕೆಂಪು ಹಳದಿ ರೇಷ್ಮೆಯ ಉಡುಪು ಹೊಲಿಸಿಕೊಂಡಿದ್ದ. ಈತ 1520ರಿಂದ 1560ರವರೆಗೆ ತಾನು ಉಟ್ಟ ಬಟ್ಟೆಗಳನ್ನು ಚಿತ್ರಕಾರರಿಂದ ಬರೆಸಿಟ್ಟ ಪುಣ್ಯಾತ್ಮ. ಒಟ್ಟು 137 ಚಿತ್ರಗಳು. ನಡುವೆ, 1526ರಲ್ಲಿ, ಬರಿಮೈಯಲ್ಲೂ ಹಿಂದೊಂದು ಮುಂದೊಂದು ಬರೆಸಿಕೊಂಡು, ತಾನು ದಪ್ಪಗಾಗಿರುವುದನ್ನು ಗುರುತಿಸಿಕೊಂಡಿದ್ದಾನೆ. 1541ರಲ್ಲಿ ಅವನಿಗೆ ಕುಲೀನ ಪದವಿಯೂ ಸಿಕ್ಕಿತು. ಕಟ್ಟಳೆ ಅಂತಸ್ತು ನೋಡಿ ಬಟ್ಟೆ ಉಡು ಎಂದರೆ, ಲೆಕ್ಕಿಗ ಬಟ್ಟೆ ಉಟ್ಟು ಅಂತಸ್ತು ಏರಿದ. ಅದೇ ಬಗೆಯ ಕಟ್ಟಳೆಗಳು 1548ರಲ್ಲೂ 1577ರಲ್ಲೂ ಮತ್ತೆ ಹೊರಬಿದ್ದವು. ಜನ ಪಾಲಿಸಿದ್ದರೆ ಮೂರು ಸಲ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ನೆಪೋಲಿಯನ್ ಕಾಲಕ್ಕೆ ಮರಳೋಣ. 1813ರಲ್ಲಿ ಪ್ರಷ್ಯಾ ಫ್ರಾನ್ಸಿನ ವಿರುದ್ಧ ಎದ್ದಾಗ ಲ್ಯುಟ್ಸೋವ್ ಎಂಬ ಅಧಿಕಾರಿ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿದ. ಸಮವಸ್ತ್ರಕ್ಕೆ ಸರ್ಕಾರದ ಬಳಿ ದುಡ್ಡಿಲ್ಲ, ಬಂದವರು ತಮ್ಮ ತಮ್ಮ ಕೋಟುಗಳಲ್ಲೇ ಬಂದರು. ನೂರು ಬಣ್ಣದ ಕೋಟುಗಳನ್ನು ಒಂದೇ ಬಣ್ಣಕ್ಕೆ ತರುವ ಅಗ್ಗದ ಉಪಾಯವೆಂದರೆ ಎಲ್ಲವನ್ನೂ ಕಪ್ಪು ಬಣ್ಣಕ್ಕೆ ಅದ್ದುವುದು. ಕಪ್ಪು ಕೋಟಿಗೆ ಕೆಂಪು ಅಂಚು, ಹೊಳೆಯುವ ಹಿತ್ತಾಳೆಯ ಗುಂಡಿ. ಕಪ್ಪು, ಕೆಂಪು, ಚಿನ್ನ ಎಂಬ ಇಂದಿನ ಜರ್ಮನ್ ಬಾವುಟದ ಬಣ್ಣಗಳನ್ನು ಈ ಬಡ ಪಡೆಯ ಕೋಟಿಗೆ ಜೋಡಿಸುವುದು ವಾಡಿಕೆ. ಒಂದು ದೇಶದ ಬಾವುಟ ಬಣ್ಣದ ಹಂಡೆಯಿಂದ ಎದ್ದು ಬಂದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಹೆಂಗಸರೂ ಹಿಂದೆ ಬೀಳಲಿಲ್ಲ. ಯುದ್ಧದ ಖರ್ಚಿಗೆ ಚಿನ್ನ ಕೊಡಿ ಎಂದು ಪ್ರಷ್ಯಾದ ರಾಜಕುಮಾರಿ ಮರಿಯಾನೆ ಕರೆಕೊಟ್ಟಾಗ ಒಡವೆ ಕಳಚಿ ಕೊಟ್ಟು, ಬದಲಿಗೆ ಎರಕದ ಕಬ್ಬಿಣದ ಒಡವೆ ತೊಟ್ಟರು. ಚಿನ್ನ ತೊಟ್ಟು ಹೊರಗೆ ಹೋಗಲು ಸಂಕೋಚಪಡುವಂತಹ ಕಾಲ ಒಂದಷ್ಟು ದಿನ ಬಂದಿತ್ತು.

ಈ ಬಿಸಿಯಲ್ಲೇ ‘ಹಳೆಯ ಜರ್ಮನ್ ಉಡುಪು’ ಹುಟ್ಟಿತು. ಎರ್ನ್ಸ್ಟ್ ಮೊರಿಟ್ಸ್ ಆರ್ಂಟ್ ಎಂಬ ರಾಷ್ಟ್ರವಾದಿ ಲೇಖಕ 1814ರಲ್ಲಿ ಫ್ರೆಂಚ್ ಫ್ಯಾಷನ್ನನ್ನು ಕೈಬಿಟ್ಟು ಜರ್ಮನ್ನರು ತಮ್ಮದೇ ಉಡುಪು ತೊಡಬೇಕೆಂದು ಬರೆದ. ಮೊಣಕಾಲಿನವರೆಗಿನ ಕಪ್ಪು ಕೋಟು, ಹೊರಕ್ಕೆ ಮಡಿಸಿದ ಅಗಲ ಬಿಳಿ ಕಾಲರ್, ಉದ್ದ ಕೂದಲು, ಮಖಮಲ್ಲಿನ ಟೋಪಿ. ಇದು ಎಲ್ಲಿಂದ ಬಂತು? 1500ರ ಆಸುಪಾಸಿನ ಚಿತ್ರಕಾರ ಡ್ಯೂರರ್ ಕಾಲದ ಚಿತ್ರಗಳನ್ನು ನೋಡಿ ಕಲ್ಪಿಸಿಕೊಂಡದ್ದು. ಆ ಚಿತ್ರಗಳಲ್ಲಿ ಜನ ಉಟ್ಟಿರುವುದರಲ್ಲಿ ಇಟಲಿಯದೆಷ್ಟು, ಬರ್ಗಂಡಿಯದೆಷ್ಟು ಎಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

1819ರ ಮಾರ್ಚ್ 23ರಂದು ಇದೇ ಉಡುಪಿನ ವಿದ್ಯಾರ್ಥಿ ಕಾರ್ಲ್ ಸಾಂಡ್ ಮಾನ್‌ಹೈಮ್‌ನಲ್ಲಿ ನಾಟಕಕಾರ ಕೊಟ್ಸೆಬುವನ್ನು ಇರಿದು ಕೊಂದ. ಕೊಟ್ಸೆಬು ರಷ್ಯಾದ ಗೂಢಚಾರ ಎಂಬುದು ವಿದ್ಯಾರ್ಥಿಗಳ ಆರೋಪವಾಗಿತ್ತು. ಹೊಸ ವಿಚಾರಗಳನ್ನು ಹತ್ತಿಕ್ಕಲು ಕಾದಿದ್ದ ಆಸ್ಟ್ರಿಯಾದ ಮಂತ್ರಿ ಮೆಟ್ಟರ್ನಿಖ್‌ಗೆ ಬೇಕಾಗಿದ್ದ ನೆಪ ಸಿಕ್ಕಿತು. ಕಾರ್ಲ್ಸ್‌ಬಾದ್ ನಿರ್ಣಯಗಳು ಬಂದವು, ವಿದ್ಯಾರ್ಥಿ ಸಂಘಗಳು ನಿಷೇಧಕ್ಕೆ ಒಳಗಾದವು, ಪತ್ರಿಕೆಗಳ ಮೇಲೆ ಕಾವಲು ಬಿತ್ತು. ಆ ಕಪ್ಪು ಕೋಟು ತೊಟ್ಟವನು ಪೊಲೀಸರ ಕಣ್ಣಿಗೆ ಸಂಚುಕೋರನಾದ.

ಪರದೆಯ ಮೇಲಿನ ಈ ಚಿತ್ರವನ್ನು ನೋಡಿ. ಕಾಸ್ಪರ್ ಡೇವಿಡ್ ಫ್ರೀಡ್ರಿಖ್ 1819ರ ಸುಮಾರಿಗೆ ಬರೆದದ್ದು, ಡ್ರೆಸ್ಡೆನ್‌ನಲ್ಲಿದೆ. ಬೇರು ಕಿತ್ತ ಮರದ ಪಕ್ಕ ಇಬ್ಬರು ನಿಂತು ಚಂದ್ರನನ್ನು ನೋಡುತ್ತಿದ್ದಾರೆ, ಇಬ್ಬರ ಬೆನ್ನೂ ನಮ್ಮ ಕಡೆಗಿದೆ. ಸುಮ್ಮನೆ ನೋಡಿದರೆ ಪ್ರಕೃತಿ ಚಿತ್ರ. ಅವರ ಟೋಪಿ ಮತ್ತು ಕೋಟನ್ನು ಗಮನಿಸಿದರೆ ಮಾತ್ರ ಅವರು ತೊಟ್ಟಿರುವುದು ಸಂಶಯದ ಉಡುಪು ಎಂದು ತಿಳಿಯುತ್ತದೆ. ಮನೆಗೆ ಬಂದವರಿಗೆ ಫ್ರೀಡ್ರಿಖ್ ಈ ಚಿತ್ರ ತೋರಿಸಿ, ಇವರಿಬ್ಬರೂ ರಾಜದ್ರೋಹದ ಸಂಚು ಹೂಡುತ್ತಿದ್ದಾರೆ ಎಂದು ನಕ್ಕನಂತೆ. ನಿಷೇಧದ ವರ್ಷಗಳಲ್ಲೂ ಆತ ತನ್ನ ಚಿತ್ರಗಳಲ್ಲಿ ಅದೇ ಉಡುಪನ್ನು ಬರೆಯುತ್ತಲೇ ಹೋದ. ನನ್ನ ಲೆಕ್ಕದಲ್ಲಿ ಆ ಬೆನ್ನುಗಳು ಅಂದಿನ ಎಷ್ಟೋ ಕರಪತ್ರಗಳಿಗಿಂತ ಧೈರ್ಯದವು.

1848ರ ಕ್ರಾಂತಿಯನ್ನು ಬೇಗ ದಾಟುತ್ತೇನೆ. ಬಾಡೆನ್‌ನ ಕ್ರಾಂತಿ ನಾಯಕ ಫ್ರೀಡ್ರಿಖ್ ಹೆಕರ್ ತೊಡುತ್ತಿದ್ದ ಗರಿ ಸಿಕ್ಕಿಸಿದ ಅಗಲ ಅಂಚಿನ ಟೋಪಿ, ತುಂಬು ಗಡ್ಡ, ಇವೆರಡೂ ಗಣರಾಜ್ಯವಾದಿಯ ಗುರುತಾದವು. ಕ್ರಾಂತಿ ಸೋತ ಮೇಲೆ ಟೋಪಿಯೂ ಸೋತಿತು.

ಅರ್ಧ ಶತಮಾನದ ಬಳಿಕ ರಾಜ್ಯದ ಸ್ವಂತ ಉಡುಪೇ ರಾಜ್ಯಕ್ಕೆ ಕೈಕೊಟ್ಟಿತು. 1906ರ ಅಕ್ಟೋಬರ್ 16ರಂದು ವಿಲ್ಹೆಲ್ಮ್ ಫೋಯ್ಗ್ಟ್ ಎಂಬ ಚಮ್ಮಾರ, ಆಯುಸ್ಸಿನ ಬಹುಭಾಗ ಜೈಲಿನಲ್ಲಿ ಕಳೆದವನು, ಹಳೆಯ ಬಟ್ಟೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೊಂಡ ಕ್ಯಾಪ್ಟನ್ನನ ಸಮವಸ್ತ್ರ ತೊಟ್ಟು ಬರ್ಲಿನ್ನಿನ ರಸ್ತೆಗೆ ಇಳಿದ. ಎದುರಿಗೆ ಸಿಕ್ಕ ಸಿಪಾಯಿಗಳಿಗೆ ನನ್ನ ಹಿಂದೆ ಬನ್ನಿ ಎಂದ, ಅವರು ಬಂದರು. ರೈಲಿನಲ್ಲಿ ಕ್ಯೋಪೆನಿಕ್‌ಗೆ ಹೋಗಿ ಪುರಸಭೆಯ ಅಧ್ಯಕ್ಷನನ್ನು ಬಂಧಿಸಿ, ಖಜಾನೆಯಿಂದ ಮೂರೂವರೆ ಸಾವಿರಕ್ಕೂ ಹೆಚ್ಚು ಮಾರ್ಕ್ ತೆಗೆದುಕೊಂಡು ನಾಪತ್ತೆಯಾದ. ಗುರುತಿನ ಚೀಟಿಯನ್ನಾಗಲಿ ವಾರಂಟನ್ನಾಗಲಿ ಒತ್ತಾಯಿಸಿ ಕೇಳುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ, ಕೋಟೇ ಸಾಕಾಯಿತು. ಆತನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಜನರ ನಗು ನಿಲ್ಲದೆ ಇದ್ದಾಗ 1908ರಲ್ಲಿ ಕೈಸರ್, ಅಂದರೆ ಜರ್ಮನಿಯ ಚಕ್ರವರ್ತಿ, ಕ್ಷಮಾದಾನ ಕೊಟ್ಟ. ನಾಲ್ಕು ಶತಮಾನದ ಕಟ್ಟಳೆಗಳು ಜನರಿಗೆ ಕಲಿಸಿದ ಪಾಠವನ್ನು ಈ ಚಮ್ಮಾರ ಚೆನ್ನಾಗಿ ಓದಿಕೊಂಡಿದ್ದ.

ಇಷ್ಟು ಹೊತ್ತು ಹೋರಾಟಗಾರರ ಉಡುಪಿನ ಮಾತಾಯಿತು. ಸಾಮಾನ್ಯ ಜನ ಕೊಂಡು ತೊಡುವ ಬಟ್ಟೆ ಎಲ್ಲಿ ತಯಾರಾಗುತ್ತಿತ್ತು? ಬರ್ಲಿನ್ನಿನ ಹೌಸ್‌ಫೋಗ್ಟೈ ಚೌಕದಲ್ಲಿ. 1830ರ ದಶಕದಿಂದ ಅಲ್ಲಿ ಸಿದ್ಧ ಉಡುಪಿನ ವ್ಯಾಪಾರ ಬೆಳೆಯಿತು. ಹೆರ್ಮನ್ ಗೆರ್ಸನ್, ವಾಲೆಂಟಿನ್ ಮಾನ್‌ಹೈಮರ್ ಮುಂತಾದವರು ಅಳತೆಗೆ ಹೊಲಿಯುವ ಬದಲು ಅಂದಾಜಿನ ಅಳತೆಗಳಲ್ಲಿ ಮೊದಲೇ ಹೊಲಿದು ಮಾರುವ ಪದ್ಧತಿಯನ್ನು ದೊಡ್ಡದಾಗಿ ನಡೆಸಿದರು. ಪ್ಯಾರಿಸ್ಸಿನ ಹೊಸ ಮಾದರಿಯನ್ನು ನೋಡಿ ಬಂದು, ತುಸು ಸರಳಗೊಳಿಸಿ, ಮನೆಮನೆಯಲ್ಲಿ ಕುಳಿತು ಹೊಲಿಯುವ ಹೆಂಗಸರಿಗೆ ಹಂಚಿ, ಕಚೇರಿಯ ಹುಡುಗಿಯೂ ಕೊಳ್ಳಬಲ್ಲ ಬೆಲೆಗೆ ತರುತ್ತಿದ್ದರು. ಹೊಲಿಯುವವರ ಕೂಲಿ ಕನಿಷ್ಠವಾಗಿತ್ತು ಎಂಬುದನ್ನೂ ಮರೆಯಬಾರದು. 1920ರ ದಶಕದಲ್ಲಿ ಕೂದಲು ಗಿಡ್ಡಗೆ ಕತ್ತರಿಸಿಕೊಂಡು, ಮೊಣಕಾಲಿನವರೆಗಿನ ಉಡುಪು ತೊಟ್ಟು ಕೆಲಸಕ್ಕೆ ಹೋದ ಹೊಸ ಹೆಣ್ಣಿಗೆ ಬಟ್ಟೆ ಕೊಟ್ಟದ್ದು ಈ ಚೌಕ. ಅಲ್ಲಿನ ಸಂಸ್ಥೆಗಳಲ್ಲಿ ಬಹುಪಾಲು ಯಹೂದಿಗಳವು.

ಇನ್ನೊಂದು ಅಂಗಡಿಗೂ ಹೋಗೋಣ, ಮ್ಯೂನಿಕ್‌ಗೆ. ಡಿರ್ನ್‌ಡಲ್ ಎಂದರೆ ನಿಮಗೆ ಗೊತ್ತು, ಬಿಗಿ ರವಿಕೆ, ನೆರಿಗೆ ಲಂಗ, ಮುಂದೆ ಏಪ್ರನ್. ಆಲ್ಪ್ಸ್ ಕಡೆಯ ಹೊಲದ ಕೆಲಸದ ಹೆಂಗಸರ ಬಟ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇಸಿಗೆ ಕಳೆಯಲು ಬೆಟ್ಟಕ್ಕೆ ಹೋಗುತ್ತಿದ್ದ ಪಟ್ಟಣದ ಶ್ರೀಮಂತರು ಅದನ್ನು ಶೋಕಿಗೆ ತೊಡತೊಡಗಿದರು. ಅದನ್ನು ಅಂದದ ಬಟ್ಟೆಯಲ್ಲಿ ಹೊಲಿಸಿ ಫ್ಯಾಷನ್ ಮಾಡಿದವರು ಯೂಲಿಯುಸ್ ಮತ್ತು ಮೊರಿಟ್ಸ್ ವಾಲಾಖ್ ಎಂಬ ಸೋದರರು. ಬವೇರಿಯಾದವರೇ ಅಲ್ಲ, ಉತ್ತರದ ವೆಸ್ಟ್‌ಫಾಲಿಯಾ ಕಡೆಯಿಂದ ಬಂದ ಯಹೂದಿಗಳು. 1910ರಲ್ಲಿ ಅಕ್ಟೋಬರ್‌ಫೆಸ್ಟ್ ಜಾತ್ರೆಗೆ ನೂರು ವರ್ಷ ತುಂಬಿದಾಗ ನಡೆದ ಸಾಂಪ್ರದಾಯಿಕ ಉಡುಪಿನ ಮೆರವಣಿಗೆಗೆ ಬಟ್ಟೆ ಒದಗಿಸಿ ಹೆಸರು ಮಾಡಿದರು.

ನಾಜಿಗಳು ಬಂದರು. ಅವರು ಮೊದಲು ತೊಟ್ಟ ಕಂದು ಅಂಗಿಯ ಕಥೆಯನ್ನೇ ನೋಡಿ. ಅದು ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವಸಾಹತು ಪಡೆಗಳಿಗೆಂದು ತಯಾರಾಗಿ ಉಳಿದುಹೋಗಿದ್ದ ಅಗ್ಗದ ಸರಕು. ಜನಾಂಗದ ಶುದ್ಧಿ ಸಾರಿದ ಪಕ್ಷಕ್ಕೆ ಅದರ ಬಣ್ಣ ಸಿಕ್ಕಿದ್ದು ಗೋದಾಮಿನ ಮೂಲೆಯಲ್ಲಿ. 1930ರಲ್ಲಿ ಪ್ರಷ್ಯಾ ಸರ್ಕಾರ ಕಂದು ಅಂಗಿಯನ್ನು ನಿಷೇಧಿಸಿದಾಗ ಅದನ್ನು ತೊಡುತ್ತಿದ್ದ ನಾಜಿ ಪಡೆ ಬಿಳಿ ಅಂಗಿಯಲ್ಲಿ ಮೆರವಣಿಗೆ ಹೊರಟಿತು. ಬಟ್ಟೆಯ ನಿಷೇಧವನ್ನು ಹಾರಿಹೋಗುವ ಜಾಣತನ ಒಳ್ಳೆಯವರ ಸೊತ್ತು ಮಾತ್ರ ಎಂದು ಯಾರೂ ತಿಳಿಯಬಾರದು.

ಹ್ಯೂಗೋ ಬಾಸ್ ಎಂಬ ಉಡುಪಿನ ಕಂಪನಿಯ ಬಗ್ಗೆ ಸಾಮಾನ್ಯವಾಗಿ ಕೇಳುತ್ತಾರೆ. ಮೆಟ್ಸಿಂಗೆನ್‌ನಲ್ಲಿ 1924ರಲ್ಲಿ ಶುರುವಾದ ಆ ಕಾರ್ಖಾನೆ ನಾಜಿ ಪಡೆಗಳಿಗೆ ಸಮವಸ್ತ್ರ ಹೊಲಿಯಿತು, ಯಜಮಾನ 1931ರಲ್ಲೇ ಪಕ್ಷ ಸೇರಿದ್ದ, ಯುದ್ಧಕಾಲದಲ್ಲಿ ಅಲ್ಲಿ ಬಲವಂತದ ಕೂಲಿಗಳಿದ್ದರು. 2011ರಲ್ಲಿ ಕಂಪನಿ ವಿಷಾದ ವ್ಯಕ್ತಪಡಿಸಿತು. ನಾಜಿಗಳ ಎಸ್‌ಎಸ್ ಪಡೆಯ ಕಪ್ಪು ಸಮವಸ್ತ್ರದ ವಿನ್ಯಾಸ ಅವನದು ಎಂಬುದು ಮಾತ್ರ ನಿಜವಲ್ಲ.

1933ರಲ್ಲಿ ಜರ್ಮನ್ ಫ್ಯಾಷನ್ನಿಗೆಂದೇ ಒಂದು ಕಚೇರಿ ತೆರೆದರು. ಪ್ಯಾರಿಸ್ಸನ್ನು ಬಿಟ್ಟು ಜರ್ಮನ್ ಉಡುಪು ಕಟ್ಟಬೇಕೆಂಬುದು ಗುರಿ. ಗೌರವಾಧ್ಯಕ್ಷೆ ಪ್ರಚಾರ ಮಂತ್ರಿಯ ಹೆಂಡತಿ ಮಾಗ್ಡಾ ಗೋಬೆಲ್ಸ್. ಸೊಗಸಾಗಿ ಉಡುವುದರಲ್ಲಿ ಆಸಕ್ತಿಯಿದ್ದ ಆಕೆ ಆ ಸ್ಥಾನದಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಪಕ್ಷದ ಪತ್ರಿಕೆಗಳಲ್ಲಿ ಜಡೆ ಸುತ್ತಿದ, ತುಟಿಗೆ ಬಣ್ಣವಿಲ್ಲದ, ಡಿರ್ನ್‌ಡಲ್ ತೊಟ್ಟ ರೈತ ಹೆಣ್ಣಿನ ಚಿತ್ರ. ಪಟ್ಟಣದ ಹೆಂಗಸರು ಫ್ಯಾಷನ್ ಪತ್ರಿಕೆ ನೋಡಿ ತಮಗೆ ಬೇಕಾದ್ದನ್ನೇ ಹೊಲಿಸಿಕೊಳ್ಳುತ್ತಿದ್ದರು. ಫ್ಯಾಷನ್ ಕಟ್ಟುವ ಕೆಲಸ ಹೀಗೆ ನೆಲಕಚ್ಚಿತು.

ಕೆಡವುವ ಕೆಲಸ ನೆಲಕಚ್ಚಲಿಲ್ಲ. ಅದೇ 1933ರಲ್ಲಿ ಅಡೇಫಾ ಎಂಬ ‘ಆರ್ಯ’ ಉಡುಪು ತಯಾರಕರ ಕೂಟ ಹುಟ್ಟಿತು. ಬಟ್ಟೆಯ ಮೇಲೆ ಅದರ ಚೀಟಿ ಹೊಲಿದಿದ್ದರೆ ನೂಲಿನಿಂದ ಅಂಗಡಿಯವರೆಗೆ ಯಾವ ಯಹೂದಿಯ ಕೈಯೂ ತಾಗಿಲ್ಲ ಎಂದು ಅರ್ಥ. 1938ರ ಕೊನೆಯ ಹೊತ್ತಿಗೆ ಹೌಸ್‌ಫೋಗ್ಟೈ ಚೌಕದ ಯಹೂದಿ ಸಂಸ್ಥೆಗಳನ್ನು ಮುಚ್ಚಿಸಿ ಅಥವಾ ಕಿತ್ತುಕೊಂಡು ಆಗಿತ್ತು. ಮಾಡಬೇಕಾದ್ದು ಮುಗಿಯಿತೆಂದು 1939ರಲ್ಲಿ ಕೂಟವನ್ನೇ ವಿಸರ್ಜಿಸಿದರು. ಬರ್ಲಿನ್ನಿನ ಫ್ಯಾಷನ್ ಆ ಪೆಟ್ಟಿನಿಂದ ಮತ್ತೆ ಮೊದಲಿನಂತೆ ಏಳಲೇ ಇಲ್ಲ. ಈಗ ಅಲ್ಲಿ ಮೂರು ಎತ್ತರದ ಕನ್ನಡಿಗಳ ಸ್ಮಾರಕವಿದೆ, ಮೆಟ್ರೋ ನಿಲ್ದಾಣದ ಮೆಟ್ಟಿಲುಗಳ ಮೇಲೆ ಹಳೆಯ ಸಂಸ್ಥೆಗಳ ಹೆಸರುಗಳಿವೆ.

ವಾಲಾಖ್ ಸೋದರರ ಅಂಗಡಿಯೂ 1938ರಲ್ಲಿ ಕೈತಪ್ಪಿತು, ಅವರು ದೇಶ ಬಿಡಬೇಕಾಯಿತು. ಅದೇ ವರ್ಷ, ಆಸ್ಟ್ರಿಯಾವನ್ನು ನುಂಗಿದ ಮೇಲೆ, ಸಾಲ್ಸ್‌ಬುರ್ಗ್‌ನ ಪೊಲೀಸರು ಯಹೂದಿಗಳು ಡಿರ್ನ್‌ಡಲ್ ಆಗಲಿ ಚರ್ಮದ ಚಡ್ಡಿಯಾಗಲಿ ತೊಡಕೂಡದು ಎಂದು ಆಜ್ಞೆ ಹೊರಡಿಸಿದರು. ತೊಟ್ಟರೆ ದಂಡ ಅಥವಾ ಜೈಲು. ಇನ್ಸ್‌ಬ್ರುಕ್‌ನ ಗೆರ್ಟ್ರೂಡ್ ಪೆಸೆಂಡೋರ್ಫರ್ ಎಂಬಾಕೆಯನ್ನು ‘ಜರ್ಮನ್ ಸಾಂಪ್ರದಾಯಿಕ ಉಡುಪಿ’ನ ಉಸ್ತುವಾರಿಗೆ ನೇಮಿಸಿದರು. ಮುಚ್ಚಿದ ಕಾಲರ್ ಚರ್ಚಿನ ಪ್ರಭಾವ ಎಂದು ತೆಗೆದುಹಾಕಿ, ಸೊಂಟವನ್ನು ಬಿಗಿದು ಆಕೆ ಡಿರ್ನ್‌ಡಲ್‌ಗೆ ಹೊಸ ರೂಪ ಕೊಟ್ಟಳು. ಇಂದಿನ ಪ್ರವಾಸಿಗರು ಶತಮಾನಗಳ ಪರಂಪರೆ ಎಂದು ಕೊಳ್ಳುವ ರೂಪದಲ್ಲಿ ಆಕೆಯ ಕತ್ತರಿಯ ಗುರುತಿದೆ ಎಂದು ಆಸ್ಟ್ರಿಯಾದ ಜಾನಪದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

1939ರ ನವೆಂಬರಿನಲ್ಲಿ ಬಟ್ಟೆಯ ಪಡಿತರ ಚೀಟಿ ಬಂತು. ವರ್ಷಕ್ಕೆ 100 ಅಂಕ. ಒಂದು ಜೊತೆ ಕಾಲುಚೀಲಕ್ಕೆ 4, ಸ್ವೆಟರಿಗೆ 25, ಹೆಂಗಸರ ಕೋಟು ಲಂಗದ ಜೋಡಿಗೆ 45. ಯಹೂದಿಗಳಿಗೆ ಬಹುಬೇಗ ಆ ಚೀಟಿಯೂ ಇಲ್ಲವಾಯಿತು. 1941ರ ಸೆಪ್ಟೆಂಬರಿನಿಂದ ಆರು ವರ್ಷ ತುಂಬಿದ ಪ್ರತಿ ಯಹೂದಿಯ ಬಟ್ಟೆಯ ಮೇಲೂ ಹಳದಿ ನಕ್ಷತ್ರ. ನೋಡಿದ ಕೂಡಲೇ ಗುರುತು ಸಿಗಬೇಕೆಂಬ ಹಳೆಯ ಆಸೆ ಹೋಗಿ ಮುಟ್ಟಿದ್ದು ಅಲ್ಲಿಗೆ. ಪೋಲೆಂಡಿನ ವೂಚ್ ಊರಿನ ಘೆಟ್ಟೋದಲ್ಲಿ ಕೂಡಿಹಾಕಿದ್ದ ಯಹೂದಿ ದರ್ಜಿಗಳು ಸೈನ್ಯಕ್ಕೂ ಜರ್ಮನಿಯ ಅಂಗಡಿಗಳಿಗೂ ಬಟ್ಟೆ ಹೊಲಿದರು. ಆಶ್‌ವಿಟ್ಸ್ ಎಂಬ ಸಾವಿನ ಶಿಬಿರದಲ್ಲಿ ಕೊಲೆಯಾದವರ ಉಡುಪುಗಳನ್ನು ಕೈದಿಗಳಿಂದಲೇ ವಿಂಗಡಿಸಿ ಜರ್ಮನಿಗೆ ಕಳುಹಿಸಿದರು. ಅದೇ ಶಿಬಿರದ ಒಂದು ಕೋಣೆಯಲ್ಲಿ ಹೊಲಿಗೆ ಬಲ್ಲ ಕೈದಿ ಹೆಂಗಸರು ಅಧಿಕಾರಿಗಳ ಹೆಂಡತಿಯರಿಗೆ ಸೊಗಸಿನ ಉಡುಪು ಹೊಲಿಯುತ್ತಿದ್ದರು. ‘ಯಹೂದಿ ಕೈ ತಾಗಿಲ್ಲ’ ಎಂಬ ಚೀಟಿಯ ನಿಜ ಏನೆಂದು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಯುದ್ಧ ಮುಗಿದ ಮೇಲೆ ಸೈನ್ಯದ ಸಮವಸ್ತ್ರ ತೊಡುವುದನ್ನು ಮಿತ್ರರಾಷ್ಟ್ರಗಳು ನಿಷೇಧಿಸಿದವು. ಊರಿಗೆ ಮರಳಿದವರ ಬಳಿ ಬೇರೆ ಬಟ್ಟೆ ಇರಲಿಲ್ಲ. ಮತ್ತೆ ಬಣ್ಣದ ಹಂಡೆಯೇ ಗತಿಯಾಯಿತು, ಈ ಸಲ ಗುರುತು ಅಳಿಸಲು.

ಪಶ್ಚಿಮ ಜರ್ಮನಿಯಲ್ಲಿ ಬಟ್ಟೆಯ ರಾಜಕೀಯ ಸಂಸತ್ತಿನೊಳಗೆ ನಡೆಯಿತು. ಹೆಂಗಸರು ಪ್ಯಾಂಟು ತೊಟ್ಟು ಬಂದರೆ ಮಾತಾಡಲು ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಉಪಸಭಾಪತಿಯೊಬ್ಬರು ಆಡಿದಾಗ, 1970ರಲ್ಲಿ ಲೆನೆಲೋಟೆ ಫಾನ್ ಬೋಥ್ಮರ್ ಎಂಬ ಸದಸ್ಯೆ ಪ್ಯಾಂಟ್ ಸೂಟಿನಲ್ಲೇ ಬಂದು ಭಾಷಣ ಮಾಡಿದರು. ಅವರಿಗೆ ಬಂದ ಬೈಗುಳದ ಪತ್ರಗಳು ಅಷ್ಟಿಷ್ಟಲ್ಲ. 1985ರ ಡಿಸೆಂಬರಿನಲ್ಲಿ ಹಸಿರು ಪಕ್ಷದ ಯೋಷ್ಕಾ ಫಿಷರ್ ಆಟಗಾರರ ಬಿಳಿ ಬೂಟು ತೊಟ್ಟು ಹೆಸ್ಸೆಯ ಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಆ ಬೂಟು ಈಗ ಆಫೆನ್‌ಬಾಖ್‌ನ ಚರ್ಮದ ವಸ್ತುಗಳ ಸಂಗ್ರಹಾಲಯದಲ್ಲಿದೆ. ಜಡೆ ಸುಟ್ಟ ಅದೇ ನಾಡಿನಲ್ಲಿ ಬೂಟನ್ನು ಗಾಜಿನೊಳಗೆ ಇಟ್ಟಿದ್ದಾರೆ.

ಪೂರ್ವ ಜರ್ಮನಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಹತ್ತಿ, ಉಣ್ಣೆಗಳಿಗೆ ವಿದೇಶಿ ಹಣ ಬೇಕು, ರಾಸಾಯನಿಕ ಕಾರ್ಖಾನೆ ಮಾತ್ರ ಇದೆ. ಹಾಗಾಗಿ ಸಮಾಜವಾದ ಪಾಲಿಯೆಸ್ಟರ್ ತೊಟ್ಟಿತು. ನೈಲಾನ್ ಜಾತಿಯ ನೂಲಿಗೆ ದೇಶದ ಹೆಸರಿನ ಅಕ್ಷರಗಳನ್ನೇ (ಡಿಡಿಆರ್, ಜರ್ಮನ್ ಉಚ್ಚಾರದಲ್ಲಿ ಡೆ-ಡೆ-ಎರ್) ಕೂಡಿಸಿ ‘ಡೆಡೆರೋನ್’ ಎಂದು ಹೆಸರಿಟ್ಟರು. ಹೂವಿನ ಚಿತ್ರದ ಡೆಡೆರೋನ್ ಏಪ್ರನ್ ಮನೆಮನೆಗೂ ಬಂತು. 1969ರಲ್ಲಿ ಗಣರಾಜ್ಯಕ್ಕೆ 20 ವರ್ಷ ತುಂಬಿದ ಕಾಣಿಕೆಯೆಂದು ‘ಪ್ರೆಸೆಂಟ್ 20’ ಎಂಬ ಬಟ್ಟೆ ಬಂತು. ಇಸ್ತ್ರಿ ಬೇಡ, ಸುಕ್ಕಿಲ್ಲ, ಆದರೆ ತೊಟ್ಟವರ ಬೆವರು ಹೋಗಲು ದಾರಿಯೂ ಇಲ್ಲ.

ಫ್ಯಾಷನ್ನಿಗೆ ಸರ್ಕಾರಿ ಸಂಸ್ಥೆ ಇತ್ತು, 1956ರಲ್ಲಿ ಶುರುವಾದ ‘ಸಿಬಿಲ್ಲೆ’ ಎಂಬ ಬಹಳ ಸೊಗಸಾದ ಪತ್ರಿಕೆ ಇತ್ತು. ಅದರಲ್ಲಿ ಕಂಡ ಬಟ್ಟೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹೆಂಗಸರು ಮಾದರಿ ನೋಡಿ ಮನೆಯಲ್ಲೇ ಹೊಲಿದುಕೊಂಡರು. ಯೋಜನಾ ಆಯೋಗದ ಸೋಲನ್ನು ಮನೆಮನೆಯ ಹೊಲಿಗೆ ಯಂತ್ರ ತುಂಬಿಕೊಟ್ಟಿತು. ಜೀನ್ಸ್ ಪ್ಯಾಂಟನ್ನು ಮೊದಲು ಅಮೆರಿಕದ ಪಿಡುಗು ಎಂದು ಶಾಲೆಗಳಲ್ಲಿ ತಡೆದರು. ತಡೆಯಲಾಗದೆ ಇದ್ದಾಗ ತಾವೇ ಹೊಲಿದರು. ಹೊಲಿದದ್ದನ್ನು ಹುಡುಗರು ಒಪ್ಪದೆ ಇದ್ದಾಗ 1978ರಲ್ಲಿ ಸುಮಾರು ಹತ್ತು ಲಕ್ಷ ಲೀವೈಸ್ ಪ್ಯಾಂಟುಗಳನ್ನು ಸರ್ಕಾರವೇ ಆಮದು ಮಾಡಿಕೊಂಡಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಂಗೈಗಿಂತ ಚಿಕ್ಕದಾದ ಒಂದು ತುಂಡು ಬಟ್ಟೆ. 1980ರಲ್ಲಿ ಸ್ಯಾಕ್ಸನಿಯ ಪಾದ್ರಿ ಹರಾಲ್ಡ್ ಬ್ರೆಟ್‌ಶ್ನೈಡರ್ ಚರ್ಚಿನ ಯುವಕರ ಶಾಂತಿ ಕಾರ್ಯಕ್ರಮಕ್ಕೆ ಒಂದು ಚಿಹ್ನೆ ಮಾಡಿಸಿದರು. ಕಮ್ಮಾರನೊಬ್ಬ ಖಡ್ಗವನ್ನು ಬಡಿದು ನೇಗಿಲ ಗುಳ ಮಾಡುತ್ತಿದ್ದಾನೆ, ಇದು ಬೈಬಲಿನ ಪ್ರವಾದಿ ಮೀಕನ ಮಾತು. ಕಾಗದದ ಮೇಲೆ ಅಚ್ಚು ಹಾಕಬೇಕಾದರೆ ಸರ್ಕಾರದ ಅನುಮತಿ ಬೇಕು. ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಅದು ಮುದ್ರಣವಲ್ಲ, ಜವಳಿ ಕೆಲಸ. ಹಾಗಾಗಿ ಬಟ್ಟೆಯ ಮೇಲೆ ಹಾಕಿಸಿದರು. ಮೊದಲು ಪುಸ್ತಕದ ನಡುವೆ ಇಡುವ ಗುರುತುಪಟ್ಟಿ, ಮರುವರ್ಷ ತೋಳಿಗೆ ಹೊಲಿದುಕೊಳ್ಳುವ ತೇಪೆ, ಒಂದು ಲಕ್ಷ. ಇನ್ನೂ ಜಾಣತನವೆಂದರೆ ಆ ಕಮ್ಮಾರನ ಮೂಲ ಸೋವಿಯತ್ ಶಿಲ್ಪಿ ವುಚೆಟಿಚ್ ಮಾಡಿದ ವಿಗ್ರಹ. 1959ರಲ್ಲಿ ಸೋವಿಯತ್ ಒಕ್ಕೂಟವೇ ಅದನ್ನು ವಿಶ್ವಸಂಸ್ಥೆಗೆ ಕಾಣಿಕೆ ಕೊಟ್ಟಿತ್ತು. ಅಣ್ಣನ ಕಾಣಿಕೆಯನ್ನು ತಮ್ಮ ಹೇಗೆ ನಿಷೇಧಿಸಿಯಾನು?

ನಿಷೇಧಿಸಿಯೇ ಬಿಟ್ಟರು, 1982ರಲ್ಲಿ. ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ತೇಪೆ ಕೀಳಿಸಿದರು, ಶಾಲೆ ಕಾಲೇಜುಗಳಲ್ಲಿ ಬೆದರಿಸಿದರು. ಕೆಲವು ಹುಡುಗರು ತೇಪೆಯಿದ್ದ ಜಾಗದಲ್ಲಿ ಜಾಕೆಟ್ಟನ್ನೇ ದುಂಡಗೆ ಕತ್ತರಿಸಿ, ತೂತಿನೊಡನೆ ಓಡಾಡಿದರು. ಇನ್ನು ಕೆಲವರು ‘ಇಲ್ಲಿ ಒಬ್ಬ ಕಮ್ಮಾರನಿದ್ದ’ ಎಂದು ಬರೆದುಕೊಂಡರು. ತೂತಿನ ಮೇಲೆ ಯಾವ ಕಲಮಿನಡಿ ಮೊಕದ್ದಮೆ ಹೂಡುವುದು?

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಈಗಿನ ಜರ್ಮನಿ ಬಟ್ಟೆಯ ಗೊಡವೆ ಬಿಟ್ಟಿದೆಯೇ ಎಂದು ಒಬ್ಬರು ಕೇಳಿದರು. ಪೂರ್ತಿ ಬಿಟ್ಟಿಲ್ಲ. ರಾಜಕೀಯ ಅಭಿಪ್ರಾಯ ತೋರಿಸಲು ಒಂದೇ ಬಗೆಯ ಸಮವಸ್ತ್ರ ತೊಟ್ಟು ಸಾರ್ವಜನಿಕವಾಗಿ ಸೇರುವುದು ಅಲ್ಲಿ ಅಪರಾಧ. ಕಂದು ಅಂಗಿಯ ನೆನಪು ಆ ಕಾನೂನಿನ ಹಿಂದಿದೆ. 2014ರಲ್ಲಿ ವುಪ್ಪರ್ಟಾಲ್‌ನಲ್ಲಿ ‘ಷರಿಯಾ ಪೊಲೀಸ್’ ಎಂದು ಬರೆದ ಕಿತ್ತಳೆ ಜಾಕೆಟ್ ತೊಟ್ಟು ಕೆಲವರು ರಾತ್ರಿ ಗಸ್ತು ತಿರುಗಿದರು. ಕೆಳ ನ್ಯಾಯಾಲಯ 2016ರಲ್ಲಿ ಬಿಡುಗಡೆ ಮಾಡಿತು, ಮೇಲಿನ ನ್ಯಾಯಾಲಯ 2018ರಲ್ಲಿ ಅದನ್ನು ರದ್ದುಮಾಡಿತು, 2019ರಲ್ಲಿ ದಂಡ ಬಿತ್ತು. ಶಾಲಾ ಶಿಕ್ಷಕಿಯರ ತಲೆವಸ್ತ್ರದ ವಿಷಯದಲ್ಲಿ ಸಾಂವಿಧಾನಿಕ ನ್ಯಾಯಾಲಯ 2003ರಲ್ಲಿ, ಸ್ಪಷ್ಟ ಕಾನೂನಿಲ್ಲದೆ ತಡೆಯುವಂತಿಲ್ಲ ಎಂದಿತು. ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿದವು. 2015ರಲ್ಲಿ ಅದೇ ನ್ಯಾಯಾಲಯ, ಸಾರಾಸಗಟು ನಿಷೇಧ ಸಲ್ಲದು, ಶಾಲೆಯ ಶಾಂತಿಗೆ ನಿಜವಾದ ಅಪಾಯವಿದೆ ಎಂದು ತೋರಿಸಬೇಕು ಎಂದಿತು. ಪ್ರಶ್ನೆ ಕೇಳಿದವರು, ಅಪಾಯ ಇದೆಯೋ ಇಲ್ಲವೋ ಎಂದು ಅಳೆಯುವವರು ಯಾರು ಎಂದು ಮತ್ತೆ ಕೇಳಿದರು. ಮೊದಲು ಆಯಾ ಶಾಲೆಯ ಆಡಳಿತ, ಆಮೇಲೆ ನ್ಯಾಯಾಲಯ ಎಂದೆ. ಹಾಗಾಗಿ ಆ ಮೊಕದ್ದಮೆಗಳು ಇನ್ನೂ ಬರುತ್ತಲೇ ಇವೆ.